ಹಾರ ಹಾಕಿಸಿಕೊಳ್ಳದವರ ಫೋಟೋ



ಸಾಫ್ಟ್‌ವೇರ್ ಕೆಲಸದವನಿಗೆ ಫೋಟೋದ ಮಾತೇಕೆ ಎನ್ನಬಹುದು. ರಜೆಯಲ್ಲಿ ಕ್ಯಾಮೆರಾ ಹಿಡಿಯುತ್ತೇನೆ, ಅಷ್ಟೇ ನನ್ನ ಅರ್ಹತೆ.

ಮರವಂತೆಗೆ ಬಂದವರೆಲ್ಲ ಒಂದು ಬದಿ ಕಡಲು, ಇನ್ನೊಂದು ಬದಿ ಸೌಪರ್ಣಿಕಾ, ನಡುವೆ ಹೆದ್ದಾರಿ ಇರುವ ಚಿತ್ರ ತೆಗೆಯುತ್ತಾರೆ. ಚಂದವೇ. ಆದರೆ ಆ ಕಡಲನ್ನು ನಂಬಿದವರು ಅದರಲ್ಲಿ ಕಾಣುವುದಿಲ್ಲ. ಮೈಸೂರಿನ ಟಿ.ಎಸ್. ಸತ್ಯನ್ ಹೆಚ್ಚಾಗಿ ತೆಗೆದದ್ದು ಸಾಮಾನ್ಯರನ್ನೇ. ಅವರ ಮಕ್ಕಳ ಚಿತ್ರಗಳು 1979ರಲ್ಲಿ, ಅಂತರರಾಷ್ಟ್ರೀಯ ಮಕ್ಕಳ ವರ್ಷದಂದು, ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಪ್ರದರ್ಶನಗೊಂಡವು.

ಮಕ್ಕಳೇ, ಜೂನ್, ಜುಲೈಯಲ್ಲಿ 61 ದಿನ ಯಾಂತ್ರಿಕ ಬೋಟುಗಳು ಕಡಲಿಗಿಳಿಯುವಂತಿಲ್ಲ. ಆಗ ಗಂಗೊಳ್ಳಿ ಬಂದರಿಗೆ ಹೋಗಿ, ಬಲೆ ದುರಸ್ತಿ ನೋಡಿ. ಹೋದ ಕೂಡಲೇ ಮೊಬೈಲ್ ಎತ್ತಬೇಡಿ. ಕೂತು ಮಾತಾಡಿ, "ಒಂದ್ ಫೋಟೋ ತೆಗ್ದ್ರೆ ಅಕ್ಕಾ?" ಅಂತ ಕೇಳಿ. ಬಂದರು ಪೂರ್ತಿ ಕಾಣುವ ಚಿತ್ರ ಒಂದು, ಕೆಲಸ ಮಾಡುವವರದ್ದೊಂದು, ಹರಿದ ಬಲೆಯ ಮೇಲೆ ಓಡಾಡುವ ಬೆರಳುಗಳದ್ದೊಂದು. ಮೂರರಲ್ಲಿ ಕಥೆ ಆಯಿತು. ಮೋಡದ ಬೆಳಕು ಮುಖಕ್ಕೆ ಒಳ್ಳೆಯದು, ಫ್ಲ್ಯಾಶ್ ಬೇಡ. ಹೆಸರು, ಸ್ಥಳ, ತಾರೀಕು ಬರೆದಿಡಿ. ಇಲ್ಲದಿದ್ದರೆ ಇಪ್ಪತ್ತು ವರ್ಷದ ಮೇಲೆ ಅದು ಯಾರದೋ ಚಿತ್ರ.

ಸ್ಮರಣ ಸಂಚಿಕೆಗಾಗಿ ಶಾಲೆಯ ಹಳೆಯ ಫೋಟೋ ಹುಡುಕಿದೆವು. ಸಿಕ್ಕಿದ್ದೆಲ್ಲ ಗ್ರೂಪ್ ಫೋಟೋ, ಹಾರ ಹಾಕಿಸಿಕೊಂಡ ಅತಿಥಿಗಳು. ಗಂಟೆ ಬಾರಿಸುತ್ತಿದ್ದವರದ್ದು, ಮಳೆಯಲ್ಲಿ ಕೊಡೆ ಹಿಡಿದು ಗದ್ದೆ ಅಂಚಿನಲ್ಲಿ ಬರುತ್ತಿದ್ದ ನಮ್ಮದು ಒಂದೂ ಇಲ್ಲ. ಆ ಗಂಟೆಯವರ ಮುಖ ಈಗ ನಮ್ಮ ಬ್ಯಾಚಿನವರ ನೆನಪಿನಲ್ಲಿ ಮಾತ್ರ.

ಬಿಸಿಯೂಟದ ಅಡುಗೆಮನೆಯಲ್ಲಿ ಅಕ್ಕಂದಿರಿದ್ದಾರಲ್ಲ, ನಾಳೆ ಅಲ್ಲಿಂದಲೇ ಶುರು ಮಾಡಿ. ಪ್ರಿಂಟ್ ಹಾಕಿಸುವ ಖರ್ಚು ನನ್ನದು. ಒಂದು ಪ್ರತಿ ಅವರ ಮನೆಗೆ, ಒಂದು ಶಾಲೆಯ ಕಪಾಟಿಗೆ.