ನಾನೂರ ಮೂರು ಅಂದ್ರೆ 4003: ನಾಲ್ಕನೇ ಕ್ಲಾಸಿನ ಒಂದು ವರ್ಷದ ಲೆಕ್ಕ

ಸಾಮಾನ್ಯವಾಗಿ ನಾನು ಇಲ್ಲಿ ದುಡ್ಡಿನ ವಿಷಯ ಮಾತಾಡ್ತೀನಿ. ಇವತ್ತೂ ಲೆಕ್ಕದ ವಿಷಯಾನೇ, ಆದ್ರೆ ಬೇರೆ ಥರದ ಲೆಕ್ಕ. ಒಂದು ಮಗು ಒಂದು ವರ್ಷ ಸ್ಕೂಲಿಗೆ ಹೋದ್ರೆ ಏನು ಕಲಿಯುತ್ತೆ? ಮಾರ್ಕ್ಸ್ ಕಾರ್ಡ್ ಅಲ್ಲ ನಾನು ಕೇಳ್ತಿರೋದು. ಜೂನ್‌ನಲ್ಲಿ ಗೊತ್ತಿಲ್ಲದೇ ಇದ್ದದ್ದು, ಏಪ್ರಿಲ್‌ನಲ್ಲಿ ಗೊತ್ತಾಗಿರೋದು ಏನು? ಕಾಮರ್ಸ್ ಓದಿದವಳು ನಾನು, ಓಪನಿಂಗ್ ಬ್ಯಾಲೆನ್ಸ್ ಮತ್ತು ಕ್ಲೋಸಿಂಗ್ ಬ್ಯಾಲೆನ್ಸ್ ಇಲ್ಲದೆ ನನಗೆ ಯಾವುದೂ ಅರ್ಥ ಆಗಲ್ಲ.

ಇದು ಶುರುವಾಗಿದ್ದು ಅಕ್ಕನ ಒಂದು ಫೋನಿಂದ. ಅಕ್ಕ, ಭಾವ ಇರೋದು ತಿಪಟೂರು ಕಡೆ ಒಂದು ಹಳ್ಳೀಲಿ. ತೆಂಗಿನ ತೋಟ ಇದೆ. ಮಗಳು, ನಾವೆಲ್ಲ ಪುಟ್ಟಿ ಅಂತೀವಿ, ಅಲ್ಲೇ ಸರ್ಕಾರಿ ಕನ್ನಡ ಶಾಲೆ. ಕಳೆದ ವರ್ಷ ಜೂನ್‌ನಲ್ಲಿ ನಾಲ್ಕನೇ ಕ್ಲಾಸಿಗೆ ಬಂದಳು. ಒಂದು ರಾತ್ರಿ ಅಕ್ಕ ಫೋನ್ ಮಾಡಿ, "ನೋಡೇ, ನಾನೂರ ಮೂರು ಬರಿ ಅಂದ್ರೆ ನಾಲ್ಕು ಸೊನ್ನೆ ಸೊನ್ನೆ ಮೂರು ಬರೀತಾಳೆ. ಮೂರು ವರ್ಷ ಏನು ಕಲಿಸಿದ್ರು ಅಲ್ಲಿ? ನಿಮ್ ಭಾವ ಮುಂದಿನ ವರ್ಷ ಕಾನ್ವೆಂಟಿಗೆ ಹಾಕೋದೇ ಅಂತ ಕೂತಿದಾರೆ" ಅಂದಳು.

ನಾನು, "ಅಕ್ಕ, ಒಂದು ವರ್ಷ ಟೈಮ್ ಕೊಡು. ಹದಿನೈದು ದಿನಕ್ಕೊಂದ್ಸಲ ಬರ್ತೀನಿ. ಅವಳಿಗೆ ಏನು ಬರುತ್ತೆ, ಏನು ಬರಲ್ಲ ಅಂತ ಬರೆದಿಡ್ತೀನಿ. ಆಮೇಲೆ ತೀರ್ಮಾನ ಮಾಡಿ" ಅಂದೆ. ಒಂದು ನೋಟ್‌ಬುಕ್ ತಗೊಂಡೆ. ಕನ್ನಡ, ಗಣಿತ, ಪರಿಸರ ಅಧ್ಯಯನ, ಇಂಗ್ಲಿಷ್ ಅಂತ ನಾಲ್ಕು ಕಾಲಂ ಹಾಕಿದೆ.

ಮೊದಲ ಸಲ ಹೋದಾಗ ಶಾಲೆಗೂ ಹೋದೆ. ಅಲ್ಲಿ ನನಗೆ ಆಶ್ಚರ್ಯ ಕಾದಿತ್ತು. ನಾನು ನೋಟ್‌ಬುಕ್ ಹಿಡಕೊಂಡು ಮಾಡೋಕೆ ಹೊರಟಿದ್ದ ಕೆಲಸಾನ ಶಾಲೆ ಆಗಲೇ ಮಾಡಿತ್ತು. ನಮ್ಮ ರಾಜ್ಯದ ಶಾಲೆಗಳಲ್ಲಿ ವರ್ಷದ ಶುರುವಿನಲ್ಲಿ 'ಸೇತುಬಂಧ' ಅಂತ ನಡೆಯುತ್ತೆ. ಮೊದಲು ಒಂದು ಪೂರ್ವ ಪರೀಕ್ಷೆ. ಹಿಂದಿನ ಕ್ಲಾಸಿನಲ್ಲಿ ಕಲಿತಿರಬೇಕಾದ್ದು ಎಷ್ಟು ಉಳಿದಿದೆ ಅಂತ ನೋಡ್ತಾರೆ. ಎಲ್ಲಿ ಬಿಟ್ಟುಹೋಗಿದೆಯೋ ಅದನ್ನ ಮತ್ತೆ ಕಲಿಸ್ತಾರೆ. ಕೊನೆಗೆ ಸಾಫಲ್ಯ ಪರೀಕ್ಷೆ. ಅಂದ್ರೆ ಓಪನಿಂಗ್ ಬ್ಯಾಲೆನ್ಸ್! ಮೇಡಂ ಪುಟ್ಟಿಯ ಪತ್ರಿಕೆ ತೆಗೆದು ತೋರಿಸಿದ್ರು. ಸ್ಥಾನಬೆಲೆ ಅಂತ ಬರೆದು ಕೆಂಪು ಪೆನ್ನಲ್ಲಿ ಗೆರೆ ಎಳೆದಿದ್ರು. "ನಮಗೆ ಗೊತ್ತು. ಆದ್ರೆ ನಾಲ್ಕು, ಐದು ಎರಡೂ ಕ್ಲಾಸು ನನಗೇ. ಸೇತುಬಂಧ ಮುಗಿಯೋಷ್ಟರಲ್ಲಿ ಪಾಠ ಶುರುಮಾಡ್ಬೇಕು" ಅಂದ್ರು.

ಇಲ್ಲಿ ಒಂದು ಸಣ್ಣ ಗುಣಾಕಾರ ಮಾಡೋಣ. ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಒಂದರಿಂದ ಐದನೇ ಕ್ಲಾಸಿಗೆ ವರ್ಷಕ್ಕೆ ಕನಿಷ್ಠ 200 ಕೆಲಸದ ದಿನ, 800 ಗಂಟೆ ಪಾಠ ಇರಬೇಕು. ದಿನಕ್ಕೆ ನಾಲ್ಕು ಗಂಟೆ ಆಯ್ತು. ನಾಲ್ಕು ವಿಷಯಕ್ಕೆ ಸಮನಾಗಿ ಹಂಚಿದ್ರೆ ಗಣಿತಕ್ಕೆ ಸಿಗೋದು 200 ಗಂಟೆ. ಒಬ್ಬರೇ ಟೀಚರ್ ಎರಡು ಕ್ಲಾಸ್ ನೋಡಿದ್ರೆ, ಪುಟ್ಟಿ ಕ್ಲಾಸಿನ ಕಡೆ ಮುಖ ಮಾಡಿ ಗಣಿತ ಹೇಳೋಕೆ 100 ಗಂಟೆ. ಅದರಲ್ಲಿ ಸಾವಿರಗಳ ಸಂಖ್ಯೆ, ಕೂಡೋದು, ಕಳೆಯೋದು, ಗುಣಾಕಾರ, ಭಾಗಾಕಾರ, ಭಿನ್ನರಾಶಿ, ಹಣ, ಉದ್ದ, ತೂಕ, ಸಮಯ, ಸುತ್ತಳತೆ ಎಲ್ಲಾ ಆಗ್ಬೇಕು. ಈ ಲೆಕ್ಕ ಹಾಕಿದ ಮೇಲೆ ಮೇಡಂ ಮೇಲೆ ನನಗಿದ್ದ ಸಿಟ್ಟು ಇಳೀತು.

ಇನ್ನೊಂದು ವಿಷಯ ಗೊತ್ತಿರಬೇಕು. ನಮ್ಮ ಸರ್ಕಾರಿ ಕನ್ನಡ ಶಾಲೆಗಳಲ್ಲಿ ಮೂರನೇ ಕ್ಲಾಸ್ ತನಕ ನಲಿ-ಕಲಿ. 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಶುರುವಾದ ಪದ್ಧತಿ ಇದು. ಮಕ್ಕಳು ಗುಂಪಾಗಿ ಕೂತು ಕಾರ್ಡ್ ಹಿಡಿದು, ಕಲಿಕಾ ಏಣಿಯನ್ನ ತಮ್ಮ ತಮ್ಮ ವೇಗದಲ್ಲಿ ಹತ್ತುತ್ತಾರೆ. ಅಕ್ಷರ ಕೂಡ ಅ ಆ ಇ ಈ ಅಂತ ಶುರುವಾಗಲ್ಲ. ರ, ಗ, ಸ, ದ, ಅ ಅಂತ ಶುರು. ಯಾಕಂದ್ರೆ ಈ ಐದೇ ಅಕ್ಷರದಲ್ಲಿ ಸರ, ರಸ, ಅರಸ, ಅಗಸ, ಗರಗಸ ಅಂತ ಓದಿಬಿಡಬಹುದು. ನನಗಂತೂ ಇದು ಬಹಳ ಜಾಣತನದ ಕೆಲಸ ಅನ್ಸುತ್ತೆ. ಆದ್ರೆ ನಾಲ್ಕನೇ ಕ್ಲಾಸಿಗೆ ಬಂದ ತಕ್ಷಣ ಕಾರ್ಡ್ ಹೋಗಿ ಪುಸ್ತಕ ಬರುತ್ತೆ. ಏಣಿ ಇಲ್ಲ. ಎಲ್ಲರೂ ಒಂದೇ ದಿನ ಒಂದೇ ಪಾಠ. ಯಾರು ಏಣಿಯ ಮಧ್ಯದ ಮೆಟ್ಟಿಲಲ್ಲಿ ನಿಂತಿದ್ರೋ ಅವರೂ ಅದೇ ಪಾಠಕ್ಕೆ ಕೂರ್ಬೇಕು. ಪುಟ್ಟಿ ನಿಂತಿದ್ದದ್ದು ಅಲ್ಲೇ.

ಈಗ ನನ್ನ ತಪ್ಪಿನ ಕಥೆ. ಜುಲೈನಲ್ಲಿ ನಾನು ಕೂತು 403ರಲ್ಲಿ 178 ಕಳೆಯೋದು ಹೇಳಿಕೊಟ್ಟೆ. ಹೇಗೆ ಹೇಳಿಕೊಟ್ಟೆ? ನನಗೆ ಹೇಳಿಕೊಟ್ಟ ಹಾಗೇ. "ಮೂರರಲ್ಲಿ ಎಂಟು ಹೋಗಲ್ಲ, ಪಕ್ಕದಲ್ಲಿ ಸೊನ್ನೆ ಇದೆ, ಅದರ ಪಕ್ಕ ಸಾಲ ತಗೋ, ಸೊನ್ನೆ ಮೇಲೆ ಒಂಬತ್ತು ಬರಿ." ಹತ್ತು ಲೆಕ್ಕ ಕೊಟ್ಟೆ, ಹತ್ತೂ ಸರಿ. ನೋಟ್‌ಬುಕ್‌ನಲ್ಲಿ ಟಿಕ್ ಹಾಕಿ ಬಸ್ ಹತ್ತಿದೆ. ಮುಂದಿನ ಸಲ ಬಂದು 430ರಲ್ಲಿ 178 ಕೊಟ್ರೆ, ಅಲ್ಲೂ ಸೊನ್ನೆ ಮೇಲೆ ಒಂಬತ್ತು ಬರೆದು ಕೂತಿದಾಳೆ! ಸೊನ್ನೆ ಕಂಡ್ರೆ ಒಂಬತ್ತು. ನಾನು ಕಲಿಸಿದ್ದು ಲೆಕ್ಕ ಅಲ್ಲ, ಮಂತ್ರ.

ಮೇಡಂಗೆ ಹೇಳಿದೆ. ಅವರು ನಕ್ಕು, "ಸಾಲ ಅನ್ಬೇಡಿ, ಚಿಲ್ಲರೆ ಅನ್ನಿ" ಅಂದ್ರು. ಕಡ್ಡಿಗಳನ್ನ ಹತ್ತತ್ತು ಕಟ್ಟು ಕಟ್ಟಿ, ಹತ್ತು ಕಟ್ಟು ಸೇರಿಸಿ ನೂರರ ಗಂಟು ಮಾಡಿ ಶಾಲೇಲಿ ಆಡಿಸ್ತಿದ್ರು. ಮನೇಲಿ ನಾವು ನೋಟಲ್ಲಿ ಮಾಡಿದ್ವಿ. ನಾನೂರ ಮೂರು ಅಂದ್ರೆ ನೂರರ ನೋಟು ನಾಲ್ಕು, ಒಂದು ರೂಪಾಯಿ ನಾಣ್ಯ ಮೂರು. ಹತ್ತರ ನೋಟು ಒಂದೂ ಇಲ್ಲ, ಆ ಡಬ್ಬಿ ಖಾಲಿ. ಆ ಖಾಲಿ ಡಬ್ಬಿಗೇ ಸೊನ್ನೆ ಅಂತ ಹೆಸರು. ಈಗ ಅಂಗಡಿಯವನಿಗೆ 178 ಕೊಡ್ಬೇಕು. ಎಂಟು ಬಿಡಿ ರೂಪಾಯಿ ಇಲ್ಲ. ಏನು ಮಾಡ್ತೀಯ? ಪುಟ್ಟಿ ಸ್ವಲ್ಪ ಹೊತ್ತು ನೋಡಿದ್ಲು. ಒಂದು ನೂರರ ನೋಟು ಎತ್ತಿ ಅಪ್ಪನ ಹತ್ರ ಕೊಟ್ಟು, ಹತ್ತರ ನೋಟು ಹತ್ತು ತಂದ್ಲು. ಅದರಲ್ಲಿ ಒಂದನ್ನ ಕೊಟ್ಟು ನಾಣ್ಯ ಹತ್ತು ತಂದ್ಲು. ಈಗ ಡಬ್ಬೀಲಿ ನೂರರದ್ದು ಮೂರು, ಹತ್ತರದ್ದು ಒಂಬತ್ತು, ನಾಣ್ಯ ಹದಿಮೂರು. "ಓ, ಅದಕ್ಕೇ ಒಂಬತ್ತಾ ಚಿಕ್ಕಮ್ಮ!" ಅಂದ್ಲು. ಬಿ.ಕಾಂ. ಮುಗಿಸಿದ ನನಗೂ ಆ ಒಂಬತ್ತು ಎಲ್ಲಿಂದ ಬರುತ್ತೆ ಅಂತ ಕಣ್ಣಿಗೆ ಕಂಡಿದ್ದು ಅವತ್ತೇ. 225 ಉಳೀತು. ಎಣಿಸಿ ಡಬ್ಬಿಗೆ ಹಾಕಿದ್ವಿ. 4003 ಬರೆಯೋದೂ ಅವತ್ತಿಂದ ನಿಂತೋಯ್ತು.

ಇದು ಪುಟ್ಟಿ ಒಬ್ಬಳ ಕಥೆ ಅಲ್ಲ. 2024ರ ಅಸರ್ ವರದಿ ಪ್ರಕಾರ, ದೇಶದ ಹಳ್ಳಿಗಳ ಮೂರನೇ ಕ್ಲಾಸಿನ ಮಕ್ಕಳಲ್ಲಿ ಕಳೆಯೋ ಲೆಕ್ಕ ಮಾಡಬಲ್ಲವರು 33.7%. ಸರ್ಕಾರಿ, ಖಾಸಗಿ ಎರಡೂ ಸೇರಿ. ಮೂರರಲ್ಲಿ ಒಬ್ಬರು. ಮೂರನೇ ಕ್ಲಾಸಿನೊಳಗೆ ಎಲ್ಲಾ ಮಕ್ಕಳಿಗೂ ಓದು, ಬರಹ, ಸರಳ ಲೆಕ್ಕ ಬರಲಿ ಅಂತಾನೇ ಕೇಂದ್ರ ಸರ್ಕಾರ 2021ರಲ್ಲಿ ನಿಪುಣ್ ಭಾರತ್ ಶುರುಮಾಡಿದ್ದು.

ಬೇರೆ ಕಾಲಂಗಳಿಗೆ ಬರೋಣ. ಕನ್ನಡದಲ್ಲಿ ಜೂನ್‌ನಲ್ಲಿ ಒತ್ತಕ್ಷರ ಬಂದ್ರೆ ಎಡವುತ್ತಿದ್ಲು. ನವೆಂಬರ್ ಹೊತ್ತಿಗೆ ಸರಾಗವಾಗಿ ಓದೋಳು. ಆದ್ರೆ ಓದಿದ ಮೇಲೆ "ಯಾಕೆ ಹಾಗಾಯ್ತು?" ಅಂದ್ರೆ ಪುಸ್ತಕದ ಸಾಲನ್ನೇ ಒಪ್ಪಿಸೋಳು. ಪ್ರತಿಭಾ ಕಾರಂಜೀಲಿ ಕಥೆ ಹೇಳೋಕೆ ಹೆಸರು ಕೊಟ್ಟಳಲ್ಲ, ಅಲ್ಲಿ ಬದಲಾಯ್ತು. ಸ್ವಂತ ಮಾತಲ್ಲಿ ಹೇಳ್ಬೇಕಾದ್ರೆ ಅರ್ಥ ಮಾಡ್ಕೊಳ್ಳಲೇಬೇಕು. ಬಹುಮಾನ ಬರ್ಲಿಲ್ಲ. ಆದ್ರೆ ಆಮೇಲಿಂದ "ಯಾಕೆ" ಅಂದ್ರೆ ಅವಳದೇ ಉತ್ತರ.

ಇಂಗ್ಲಿಷ್ ಕಾಲಂ ತೆಳ್ಳಗಿತ್ತು, ಸುಳ್ಳು ಹೇಳಲ್ಲ. ಒಂದನೇ ಕ್ಲಾಸಿಂದ ಇಂಗ್ಲಿಷ್ ಇದೆ. ಪದ ಓದ್ತಾಳೆ, ರೈಮ್ಸ್ ಹೇಳ್ತಾಳೆ. ಸ್ವಂತವಾಗಿ ಒಂದು ವಾಕ್ಯ ಹೇಳು ಅಂದ್ರೆ ನನ್ನ ಮುಖ ನೋಡ್ತಾಳೆ. ಕೇಳೋಕೆ ಸಿಗದ ಭಾಷೆ ಬಾಯಿಗೆ ಹೇಗೆ ಬರುತ್ತೆ ಹೇಳಿ.

ಪರಿಸರ ಅಧ್ಯಯನದ್ದು ಮಾತ್ರ ನಾನು ಮರೆಯಲ್ಲ. ಜೇನಿನ ಪಾಠ ಬಂತು. ಆ ಹೊತ್ತಿಗೇ ತೋಟದಲ್ಲಿ ಒಂದು ಹೆಜ್ಜೇನು ಕಟ್ಟಿತ್ತು. ಭಾವ ರಾತ್ರಿ ಬೆಂಕಿ ಹಿಡಿಸಿ ಸುಡಿಸ್ತೀನಿ ಅಂತ ಇಬ್ಬರಿಗೆ ಹೇಳಿದ್ರು. ಪುಟ್ಟಿ ಊಟಕ್ಕೆ ಕೂತಾಗ, ರಾಣಿ ಯಾರು, ಕೆಲಸಗಾರ ನೊಣ ಯಾವುದು ಅಂತೆಲ್ಲ ಅಜ್ಜಿಗೆ ವಿವರಿಸ್ತಾ, "ಅಪ್ಪ, ನಮ್ಮ ತೆಂಗಿನ ಹೊಂಬಾಳೆಗೂ ಜೇನು ಬರುತ್ತೆ, ನೀನೇ ತೋರಿಸಿದ್ದೆ. ಸುಟ್ಟರೆ ಕಾಯಿ ಕಮ್ಮಿ ಆಗಲ್ವಾ?" ಅಂದ್ಲು. ಭಾವ ಏನೂ ಮಾತಾಡ್ಲಿಲ್ಲ. ಬೆಂಕಿನೂ ಹಾಕಿಸ್ಲಿಲ್ಲ. ಪುಸ್ತಕದಲ್ಲಿ ಓದಿದ್ದು, ತೋಟದಲ್ಲಿ ಕಂಡದ್ದು ಎರಡನ್ನೂ ಜೋಡಿಸಿ ಅಪ್ಪನ ತೀರ್ಮಾನ ಬದಲಾಯಿಸಿದ್ಲು. ಇದಕ್ಕೆ ಯಾವ ಗ್ರೇಡ್ ಕೊಡ್ತೀರ?

ಗ್ರೇಡ್ ವಿಷಯ ಬಂತು. ವರ್ಷಕ್ಕೆ ನಾಲ್ಕು ರೂಪಣಾತ್ಮಕ, ಎರಡು ಸಂಕಲನಾತ್ಮಕ ಮೌಲ್ಯಮಾಪನ. ಎಫ್‌ಎ, ಎಸ್‌ಎ ಅಂತಾರಲ್ಲ, ಅದೇ. ತಮಾಷೆ ಏನಂದ್ರೆ, ಸೊನ್ನೆ ಕಂಡಲ್ಲೆಲ್ಲ ಒಂಬತ್ತು ಬರೀತಿದ್ದ ಸಮಯದಲ್ಲೂ ಪುಟ್ಟಿಗೆ ಗಣಿತದಲ್ಲಿ 'ಎ' ಬಂದಿತ್ತು. ಚಟುವಟಿಕೆ, ಬಾಯಿಲೆಕ್ಕ ಎಲ್ಲ ಸೇರಿ ಬಂದ ಗ್ರೇಡ್. ತಪ್ಪು ಗ್ರೇಡ್ ಅಂತಲ್ಲ. ಆದ್ರೆ ಒಂದು ಅಂಗಡಿಯ ಒಟ್ಟು ಲಾಭ ನೋಡಿ ಯಾವ ಸಾಮಾನು ಕೊಳೀತಿದೆ ಅಂತ ಹೇಳೋಕಾಗುತ್ತಾ? ಅದಕ್ಕೆ ಸ್ಟಾಕ್ ನೋಡ್ಬೇಕು.

ಏಪ್ರಿಲ್ ಬಂತು. 'ಸಮುದಾಯದತ್ತ ಶಾಲೆ' ದಿನ ಅಕ್ಕ, ಭಾವ, ನಾನು ಮೂವರೂ ಹೋದ್ವಿ. ಆಮೇಲೆ ಮನೇಲಿ ನನ್ನ ನೋಟ್‌ಬುಕ್ ತೆಗೆದು ಓದಿ ಹೇಳಿದೆ. ಭಾವ ಪೂರ್ತಿ ಕೇಳಿದ್ರು. ಕೊನೆಗೆ, "ನೀನು ಹೇಳೋದೆಲ್ಲ ಸರಿನಮ್ಮ. ಕಲಿತಿದಾಳೆ, ಒಪ್ತೀನಿ. ಆದ್ರೆ ಆ ಇಂಗ್ಲಿಷ್ ಕಾಲಂ ನಾನು ತುಂಬಿಸೋಕಾಗಲ್ಲ, ನಿಮ್ಮಕ್ಕನ ಕೈಲೂ ಆಗಲ್ಲ. ಅದಕ್ಕೇ ಕಳಿಸ್ತೀನಿ" ಅಂದ್ರು. ನನ್ನ ಹತ್ರ ಉತ್ತರ ಇರ್ಲಿಲ್ಲ. ನಾನು ಬೆಂಗಳೂರಲ್ಲಿ ಇಂಗ್ಲಿಷ್‌ನಲ್ಲೇ ಇಮೇಲ್ ಬರೆದು ಸಂಬಳ ತಗೊಂಡವಳು. ಅವರಿಗೆ ಬೇಡ ಅನ್ನೋಕೆ ಯಾವ ಬಾಯಿ?

ಹೊಸ ಶಾಲೇಲಿ ಒಂದು ಸಣ್ಣ ಪರೀಕ್ಷೆ ಇಟ್ಟಿದ್ರು. ನಾನೂ ಹೊರಗಡೆ ಬೆಂಚಲ್ಲಿ ಕೂತಿದ್ದೆ, ಬಾಗಿಲು ತೆಗೆದೇ ಇತ್ತು. ಸರ್ ಹಾಳೆ ಮೇಲೆ ಎರಡು ಸಂಖ್ಯೆ ಬರೆದು "ಸಬ್‌ಟ್ರ್ಯಾಕ್ಟ್" ಅಂದ್ರು. ಪುಟ್ಟಿ ಸುಮ್ಮನೆ ನಿಂತ್ಲು. ಎರಡನೇ ಸಲ ಅಂದ್ರು. ಸುಮ್ಮನೆ. ಸರ್ ಒಂದು ಚೀಟೀಲಿ ಏನೋ ಬರೆಯೋಕೆ ಹೋದ್ರು. ನನ್ನ ಎದೆ ಹೊಡ್ಕೊಳ್ತಿತ್ತು. ಆಮೇಲೆ ಅವರಿಗೇನನ್ನಿಸ್ತೋ, ಎರಡು ಸಂಖ್ಯೆ ಮಧ್ಯೆ ಕಳೆಯೋ ಗುರುತು ಹಾಕಿದ್ರು. ಪುಟ್ಟಿ ಪೆನ್ಸಿಲ್ ತಗೊಂಡು ಚಿಲ್ಲರೆ ಮಾಡಿಸಿ ಲೆಕ್ಕ ಮುಗಿಸಿದ್ಲು.

ಆ ಒಂದು ಗುರುತು ಹಾಕದೇ ಇದ್ದಿದ್ರೆ? 'ಲೆಕ್ಕ ಬರಲ್ಲ' ಅಂತ ಆ ಚೀಟೀಲಿ ಬರೀತಿದ್ರು. ಅವಳಿಗೆ ಬರದೇ ಇದ್ದದ್ದು ಲೆಕ್ಕ ಅಲ್ಲ, ಒಂದು ಪದ. ಈಗ ಅವಳು ಐದನೇ ಕ್ಲಾಸಲ್ಲಿ ಅಲ್ಲಿ ಕೂತಿದಾಳೆ. ಪದಗಳನ್ನ ಕಲೀತಿದಾಳೆ. ಜೇನಿನ ಬಗ್ಗೆ ಗೊತ್ತಿರೋದನ್ನ ಅಲ್ಲಿ ಹೇಳೋಕೆ ಇನ್ನೂ ಎಷ್ಟು ತಿಂಗಳು ಬೇಕೋ, ಅದು ನನಗೆ ಚಿಂತೆ. ಹೊಸ ನೋಟ್‌ಬುಕ್ ತಗೊಂಡಿದೀನಿ.

ನಿಮ್ಮ ಮನೇಲೂ ಪ್ರೈಮರಿ ಶಾಲೆ ಮಗು ಇದ್ರೆ, ಯಾವ ಮೀಡಿಯಂ ಆದ್ರೂ ಸರಿ, ಮೂರು ಕೆಲಸ ಮಾಡಿ. ಜೂನ್‌ನಲ್ಲೇ ಶಾಲೆಗೆ ಹೋಗಿ, ಹಿಂದಿನ ವರ್ಷದ್ದು ಏನು ಉಳಿದಿಲ್ಲ ಅಂತ ಕೇಳಿ. ಸರ್ಕಾರಿ ಶಾಲೆ ಆದ್ರೆ ಸೇತುಬಂಧದ ಪತ್ರಿಕೆ ತೋರಿಸಿ ಅನ್ನಿ. ಲೆಕ್ಕ ಸರಿ ಮಾಡಿದ್ರೂ "ಹೇಗೆ ಬಂತು" ಅಂತ ಕೇಳಿ, ಉತ್ತರ ಸರಿ ಇದ್ದಾಗಲೂ ಕೇಳಿ. ಮತ್ತೆ, ಗ್ರೇಡ್ ನೋಡೋಕೆ ಮುಂಚೆ ಇವತ್ತು ಏನು ನೋಡಿದೆ, ಏನು ಕೇಳಿದೆ ಅಂತ ಅವರ ಭಾಷೇಲೇ ಹೇಳೋಕೆ ಬಿಡಿ.

ನಿಮ್ಮ ಮಗು ಈ ವರ್ಷ ಕಲಿತ ಒಂದು ವಿಷಯ, ಮಾರ್ಕ್ಸ್ ಕಾರ್ಡಲ್ಲಿ ಕಾಣದೇ ಇರೋದು, ನನಗೆ ವಾಯ್ಸ್ ನೋಟ್ ಮಾಡಿ ಕಳಿಸಿ. ಮುಂದಿನ ಸಂಚಿಕೇಲಿ ಕೇಳಿಸೋಣ.