ಮನೆಯೊಳಗಿನ ಸೈಕಲ್ಲಿಗೆ ಯಾವ ಟೈರು?



ರೈಲುಗಾಲಿ ತಯಾರಾಗುವ ಯಲಹಂಕದಲ್ಲಿ ಸೈಕಲ್ ಗಾಲಿಯ ಮಾತು ಬಂದರೆ ಆಶ್ಚರ್ಯವಿಲ್ಲ. ಬೆಳಗಿನ ಜಾವ ಇಲ್ಲಿಂದ ನಂದಿಬೆಟ್ಟದ ಕಡೆಗೆ ಸೈಕಲ್ ತುಳಿಯುವವರಿದ್ದಾರೆ. ಮಳೆ ಹಿಡಿದರೆ ಕೆಲವರು ಅದೇ ಸೈಕಲ್ಲನ್ನು ಮನೆಯೊಳಗೆ ಟ್ರೈನರ್ ಎಂಬ ಸ್ಟ್ಯಾಂಡಿಗೆ ಬಿಗಿದು, ಪರದೆಯ ಮೇಲಿನ ರಸ್ತೆಯಲ್ಲಿ ದೂರದೇಶದವರೊಡನೆ ಪಂದ್ಯಕ್ಕಿಳಿಯುತ್ತಾರೆ. ಇದು ಹುಡುಗಾಟವಲ್ಲ, ಈ ಬಗೆಯ ಮೊದಲ ವಿಶ್ವ ಚಾಂಪಿಯನ್‌ಷಿಪ್ 2020ರ ಡಿಸೆಂಬರಿನಲ್ಲೇ ನಡೆದಿದೆ.

ಹಿಂದಿನ ಗಾಲಿ ಕಳಚಿ ಕೂರಿಸುವ ಟ್ರೈನರ್ ಆದರೆ ಟೈರಿನ ಚಿಂತೆಯಿಲ್ಲ. ಅಗ್ಗದ ಬಗೆಯಲ್ಲಿ ಮಾತ್ರ ಟೈರು ಲೋಹದ ಉರುಳೆಗೆ ಒತ್ತಿಕೊಂಡು ತಿರುಗುತ್ತದೆ. ಜಾರಿದಷ್ಟೂ ಬಿಸಿ, ಬಿಸಿಯಾದಷ್ಟೂ ಸವೆತ. ಮಣ್ಣುರಸ್ತೆಯ ಉಬ್ಬುಟೈರು ಹಾಕಿದರಂತೂ ಕೆಳಮಹಡಿಯವರು ಬಂದು ಬಾಗಿಲು ತಟ್ಟುವಷ್ಟು ಸದ್ದು! ನುಣ್ಣನೆಯ ಟೈರೇ ಸರಿ.

ಟ್ರೈನರಿಗೆಂದೇ ಗಟ್ಟಿ ರಬ್ಬರಿನ ಟೈರು ಸಿಗುತ್ತದೆ, ಬೇಗ ಸವೆಯದು. ಆದರೆ ದಯವಿಟ್ಟು ಅದರೊಡನೆ ರಸ್ತೆಗಿಳಿಯಬೇಡಿ. ಆ ರಬ್ಬರಿಗೆ ರಸ್ತೆಯ ಹಿಡಿತ ಸಾಲದು, ಒದ್ದೆ ರಸ್ತೆಯಲ್ಲಂತೂ ತೀರಾ ಕಡಿಮೆ. ಬೆಟ್ಟ ಇಳಿಯುವಾಗ ತಿರುವಿನಲ್ಲಿ ಬ್ರೇಕ್ ಒತ್ತಿದರೆ ಹಿಂದಿನ ಗಾಲಿ ಜಾರೀತು. ಟ್ರೈನರಿಗೆ ಬೇರೆಯದೇ ಒಂದು ಹಿಂಗಾಲಿ ಇಟ್ಟುಕೊಂಡರೆ ಒಳ್ಳೆಯದು. ಅಷ್ಟು ಖರ್ಚು ಬೇಡವೆನ್ನುವವರು ಹೊರಡುವ ಹಿಂದಿನ ರಾತ್ರಿಯೇ ಟೈರು ಬದಲಿಸಿ, ಗಾಳಿ ನೋಡಿಕೊಂಡು ಮಲಗಿ.