ರೋಗಿಯ ಲೆಕ್ಕ ಯಾರ ಕೈಯಲ್ಲಿ?

(ಗಂಗಾವತಿಯಲ್ಲಿ ಗಿರಣಿ ಕಾರ್ಮಿಕರ ಹಾಗೂ ಸಣ್ಣ ವರ್ತಕರ ಸಭೆಯಲ್ಲಿ ಆಡಿದ ಮಾತು)



ಯಲಬುರ್ಗಾ ಕಡೆಯ ಹಮಾಲನೊಬ್ಬ ಒಂದು ಆಸ್ಪತ್ರೆಯಲ್ಲಿ ಎದೆಯ ಎಕ್ಸ್‌ರೇ ತೆಗೆಸುತ್ತಾನೆ. ಇನ್ನೊಂದಕ್ಕೆ ಹೋದರೆ ಮತ್ತೆ ಮೊದಲಿನಿಂದ ತೆಗೆಸಬೇಕು. ಹಳೆಯ ಚೀಟಿ ಮಳೆಯಲ್ಲಿ ನೆನೆದು ಹೋಗಿರುತ್ತದೆ. ದುಡ್ಡೂ ಹೋಯಿತು, ಒಂದು ದಿನದ ಕೂಲಿಯೂ ಹೋಯಿತು.

ಇದಕ್ಕೆಂದೇ ಕೇಂದ್ರ ಸರಕಾರ 2021ರ ಸೆಪ್ಟೆಂಬರ್ 27ರಂದು ಆಯುಷ್ಮಾನ್ ಭಾರತ್ ಡಿಜಿಟಲ್ ಯೋಜನೆಯನ್ನು ದೇಶಕ್ಕೆಲ್ಲ ಜಾರಿ ಮಾಡಿತು. ‘ಆಭಾ’ ಎಂಬ 14 ಅಂಕಿಯ ಸಂಖ್ಯೆ ಕೊಡುತ್ತಾರೆ. ದಾಖಲೆ ಆಯಾ ಆಸ್ಪತ್ರೆಯಲ್ಲೇ ಇರುತ್ತದೆ. ರೋಗಿ ಒಪ್ಪಿದರೆ ಮತ್ತೊಂದು ಆಸ್ಪತ್ರೆ ಅದನ್ನು ನೋಡಬಹುದು. ಇದು ಬೇಡವೆಂದು ನಾವು ಹೇಳುವವರಲ್ಲ. ಆದರೆ 2022ರ ನವೆಂಬರಿನಲ್ಲಿ ದಿಲ್ಲಿಯ ಏಮ್ಸ್ ಆಸ್ಪತ್ರೆಯ ಕಂಪ್ಯೂಟರುಗಳಿಗೆ ಕನ್ನ ಬಿತ್ತು. ಹಲವು ದಿನ ಕೈಬರಹದಲ್ಲೇ ಕೆಲಸ ನಡೆಸಬೇಕಾಯಿತು. ದಿಲ್ಲಿಯ ಪಾಡು ಇದಾದರೆ ಕುಷ್ಟಗಿಯ ಪಾಡೇನು?

ಇದಕ್ಕೆ ಬ್ಲಾಕ್‌ಚೈನ್ ಮದ್ದು ಎನ್ನುತ್ತಾರೆ. ಹೆಸರಿಗೆ ಹೆದರಬೇಡಿ, ವರ್ತಕರಿಗೆ ಇದು ಕಿರ್ದಿಯ ಮಾತು. ಇಂದಿನ ಶಿಲ್ಕು ನಾಳಿನ ಪುಟದ ತಲೆಗೆ ಬರುತ್ತದೆ. ಹಿಂದಿನ ಪುಟವನ್ನು ತಿದ್ದಿದರೆ ಮುಂದಿನ ಪುಟಗಳೆಲ್ಲ ತಾಳೆ ತಪ್ಪುತ್ತವೆ. ಅದೇ ಕಿರ್ದಿಯ ನಕಲು ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ನಾಲ್ಕೂ ಕಡೆ ಇದ್ದರೆ, ಒಬ್ಬ ಗುಮಾಸ್ತ ಕದ್ದು ತಿದ್ದಿ ದಕ್ಕಿಸಿಕೊಳ್ಳಲಾರ. ಹೆಚ್ಚು ಕಡಿಮೆ ನಮ್ಮ ಜಿಲ್ಲೆಯಷ್ಟೇ ಜನವಿರುವ ಎಸ್ಟೋನಿಯ ದೇಶ 2016ರಲ್ಲಿ ಆರೋಗ್ಯ ದಾಖಲೆಗಳ ಕಾವಲಿಗೆ ಇಂಥ ಏರ್ಪಾಡನ್ನು ಕೈಗೊಂಡಿತು. ಅಲ್ಲಿಯ ರೋಗಿ ತನ್ನ ದಾಖಲೆಯನ್ನು ಯಾರು ಯಾರು ತೆರೆದು ನೋಡಿದರೆಂಬುದನ್ನೂ ನೋಡಬಲ್ಲ. ನಮಗೆ ಹಿಡಿಸಿದ್ದು ಇದೇ.

ಆದರೂ ಕಿರ್ದಿ ಗಟ್ಟಿಯಾದ ಮಾತ್ರಕ್ಕೆ ಬರೆದದ್ದೆಲ್ಲ ನಿಜವಾಗದು. ಸುಳ್ಳು ಬರೆದರೆ ಸುಳ್ಳೇ ಗಟ್ಟಿಯಾಗಿ ಕೂರುತ್ತದೆ. ಅಳಿಸಲು ಬಾರದ ಪುಸ್ತಕದಲ್ಲಿ ರೋಗದ ಹೆಸರನ್ನೇ ಬರೆಯಬಾರದು, ಗುರುತಿನ ಮುದ್ರೆ ಮಾತ್ರ ಇರಬೇಕು. ಧೂಳಿನಲ್ಲಿ ದುಡಿಯುವವನ ಕ್ಷಯ ಧಣಿಯ ಕಿವಿಗೆ ಬಿದ್ದರೆ ಮರುದಿನ ಕೆಲಸ ಉಳಿದೀತೆ?

ಖಾಸಗಿತನ ಮೂಲಭೂತ ಹಕ್ಕೆಂದು 2017ರಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿದೆ. ಆ ದಾವೆ ಹೂಡಿದವರು ನಮ್ಮ ಕರ್ನಾಟಕದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಚೀಟಿ ಮಾಡಿಸುವ ಸಾಲಿನಲ್ಲಿ, ಹಿಂದಿನವರು ನೂಕುತ್ತಿರುವಾಗ ಒತ್ತಿದ ಹೆಬ್ಬೆಟ್ಟು ಸಮ್ಮತಿಯಲ್ಲ. ಆದುದರಿಂದ ನಾವು ಕೇಳುವುದು ಇಷ್ಟು: ಸಮ್ಮತಿಯ ಮಾತನ್ನು ಕನ್ನಡದಲ್ಲಿ ಓದಿ ಹೇಳಿರಿ, ಆಭಾ ಸಂಖ್ಯೆ ಕಡ್ಡಾಯವಲ್ಲವೆಂದು ಆಸ್ಪತ್ರೆಯ ಕಿಟಕಿಯ ಮೇಲೆ ಬರೆದು ಹಾಕಿರಿ, ಸಂಖ್ಯೆ ಇಲ್ಲವೆಂದು ಯಾರನ್ನೂ ಹಿಂದಕ್ಕೆ ಕಳಿಸಬೇಡಿರಿ. ಈ ಮನವಿಗೆ ಇಂದೇ ಸಹಿ ಹಾಕಿರಿ, ಓದಿ ನೋಡಿದ ಮೇಲೆ.